ಕಿತ್ತಳೆ ಅಂಚಿನ ಪೀಟರ್ನೆಲ್ಲಾ

ಸೆಪ್ಟೆಂಬರ್ 27, ಶನಿವಾರ, ಎನ್ಸ್‌ಕೆಡೆ

ಈ ಮನೆಯ ಆಗುಹೋಗುಗಳನ್ನು ದಾಖಲಿಸುವ ಗುರುತರ ಜವಾಬ್ದಾರಿಯನ್ನು ಇಂದಿನಿಂದ ನಾನೇ ಹೊತ್ತುಕೊಂಡಿದ್ದೇನೆ. ಯಾರೂ ಕೇಳಿಕೊಳ್ಳಲಿಲ್ಲ. ಮಹತ್ಕಾರ್ಯಗಳೆಲ್ಲ ಹಾಗೆಯೇ ಶುರುವಾಗುವುದು. ಇದನ್ನು ಬೇರೆ ಯಾರೂ ಓದಬಾರದು. ಓದಿದರೆ ಕೈಕಾಲು ತೊಳೆದು ಓದತಕ್ಕದ್ದು.

ಮನೆಯಲ್ಲಿ ಮೂರು ಜೀವ. ಪದ್ಮಿನಿ ಅಕ್ಕ, ರಾಜಾಜಿನಗರದವರು, ಈ ಡಚ್ ಊರಿನ ಯೂನಿವರ್ಸಿಟಿಯಲ್ಲಿ ನೀರು ಸೋಸುವ ಪೊರೆಗಳ ಮೇಲೆ ಪಿಎಚ್‌ಡಿ ಮಾಡುತ್ತಾ ಮನೆಯಲ್ಲಿ ನಮ್ಮಿಬ್ಬರ ತಂಟೆಗಳನ್ನು ಸೋಸುತ್ತಾರೆ. ಆಮೇಲೆ ಬಸವಂತಪ್ಪ, ಗದಗಿನವನು, ಅಜ್ಜನ ಹೆಸರು ಹೊತ್ತವನು. ನಮಗೆ ಬಸು, ಡಚ್ಚರಿಗೆ ಬಾಸ್. ಕೊನೆಗೆ ನಾನು, ಮೈಸೂರಿನ ಚರಣ್, ಎಂಎಸ್ ಎರಡನೇ ವರ್ಷ, ಮನೆಯ ಸಾಂಸ್ಕೃತಿಕ ಕಾರ್ಯದರ್ಶಿ.

ಬಸುಗೆ ಒಂದು ಕಾಯಿಲೆ. ಬೇಸ್‌ಬಾಲ್ ಆಟಗಾರರ ಕಾರ್ಡ್ ಕೂಡಿಡುತ್ತಾನೆ. ಹೋಗಲಿ, ಹತ್ತಾರು ಆಟಗಾರರದ್ದೇ? ಅಲ್ಲ. ಒಬ್ಬನದೇ. ಜೈರೊ ಪೀಟರ್ನೆಲ್ಲಾ ಅಂತ ಒಬ್ಬ ಬೌಲರ್, ಅವರ ಭಾಷೆಯಲ್ಲಿ ಪಿಚರ್. ಅವನದೂ ಒಂದೇ ಫೋಟೋ. ಅದೇ ಫೋಟೋವನ್ನು ಕಂಪನಿ ಬೇರೆ ಬೇರೆ ಬಣ್ಣದ ಮಿನುಗು ಅಂಚಿನಲ್ಲಿ ಅಚ್ಚು ಹಾಕುತ್ತದೆ. ಅದಕ್ಕೆ ಪ್ಯಾರಲಲ್ ಅಂತ ಹೆಸರು. ನೀಲಿ, ಹಸಿರು, ಆಕ್ವಾ, ನೇರಳೆ, ಚಿನ್ನ, ಕಿತ್ತಳೆ, ಕೆಂಪು. ಬಣ್ಣ ಏರಿದಂತೆ ಪ್ರತಿ ಕಡಿಮೆ. ಹಿಂಬದಿಯಲ್ಲಿ ಇದು ಇಷ್ಟರಲ್ಲಿ ಇಷ್ಟನೆಯದು ಎಂದು ನಂಬರು. ಎಲ್ಲ ಬಣ್ಣ ಒಬ್ಬನ ಕೈಗೆ ಸೇರಿದರೆ ಅದು ರೇನ್‌ಬೋ. ಸೀರೆ ಅಂಗಡಿಯಲ್ಲಿ ನಮ್ಮಮ್ಮ "ಇದೇ ಡಿಸೈನಲ್ಲಿ ಬೇರೆ ಕಲರ್ ತೋರ್ಸಪ್ಪ" ಅನ್ನುತ್ತಾ ಒಂದು ಮಧ್ಯಾಹ್ನ ಕಳೆಯುತ್ತಾಳಲ್ಲ, ಇವನು ಅದನ್ನೇ ಎರಡು ವರ್ಷದಿಂದ ಮಾಡುತ್ತಿದ್ದಾನೆ. ಅಮ್ಮ ಕೊನೆಗೆ ಒಂದನ್ನಾದರೂ ಉಡುತ್ತಾಳೆ.

ಇವನೇ ಯಾಕೆ ಅಂತ ಕೇಳಿದ್ದೆ.

"ನಾ ಈ ಊರಿಗೆ ಬಂದಾಗ ಒಬ್ರೂ ಗುರ್ತಿನವ್ರಿರಲಿಲ್ಲ. ಐತವಾರ ಬಂತಂದ್ರ ಇಲ್ಲಿ ಬೇಸ್‌ಬಾಲ್ ಗ್ರೌಂಡಿಗೆ ಹೋಗಿ ಕುಂದ್ರತಿದ್ದೆ. ಇವ ಅಲ್ಲೇ ಆಡ್ತಿದ್ದ. ಒಂದಿನ ತಾನಾಗೇ ಬಂದು ಚೆಂಡು ಹ್ಯಾಂಗ ಹಿಡೀಬೇಕಂತ ತೋರಿಸಿದ. ಆಮ್ಯಾಲ ಅಮೆರಿಕಾದವ್ರು ಕರಕೊಂಡು ಹೋದ್ರು. ನಾ ಕಣ್ಣಾರೆ ನೋಡೀನಲೇ ಅವನ್ನ."

ಇಂದು ಕಿತ್ತಳೆ ಬಣ್ಣದ್ದು ಬಂತು. ಇಪ್ಪತ್ತೈದೇ ಮುದ್ರಿಸಿದ್ದು, ಒಂದು ಜಪಾನಿನಲ್ಲಿ ಸಿಕ್ಕಿತಂತೆ. ಅದರೊಂದಿಗೆ ರೇನ್‌ಬೋ ಪೂರ್ತಿ. ಒಂದೇ ಒಂದು ಪ್ರತಿಯಿರುವ ಮಹಾಕಾರ್ಡು ಟೆಕ್ಸಸ್ಸಿನಲ್ಲಿ ಯಾರದೋ ಲಾಕರಿನಲ್ಲಿದೆ. ಅದನ್ನು ಇವನು ಮೋಕ್ಷದ ಹಾಗೆ ಮುಂದಿನ ಜನ್ಮಕ್ಕೆ ಬಿಟ್ಟಿದ್ದಾನೆ. ಸಂಭ್ರಮಕ್ಕೆ ಗಿರ್ಮಿಟ್ ಮಾಡಿ ಬಡಿಸಿದ. ಹಸಿಮೆಣಸಿನಕಾಯಿ ಜಾಸ್ತಿಯಾಗಿತ್ತು. ನನ್ನ ಪಾಸ್‌ಪೋರ್ಟ್ ಫೋಟೋಗೆ ಮಿನುಗು ಕಾಗದ ಅಂಟಿಸಿ ಅವನ ಆಲ್ಬಮ್ಮಿನಲ್ಲಿ ತುರುಕಿದ್ದೆ. ಅದನ್ನೂ ಇವತ್ತೇ ನೋಡಿ ಹೊಟ್ಟೆ ಹಿಡಿದು ನಕ್ಕ. ತಮಾಷೆ ಮಾಡಲು ಇಷ್ಟು ಸುಲಭದ ಮನುಷ್ಯ ಇನ್ನೊಬ್ಬನಿಲ್ಲ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಪ್ರಧಾನ ಅರ್ಚಕನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಸೈಕಲ್ಲುಗಳು, ಲ್ಯಾಪ್‌ಟಾಪುಗಳು, ಕುಕ್ಕರ್, ಪದ್ಮಿನಿ ಅಕ್ಕನ ಮಿಕ್ಸಿ, ಎಲ್ಲಕ್ಕೂ ಅರಿಶಿನ ಕುಂಕುಮ. ಸೈಕಲ್ ಚಕ್ರದಡಿ ನಿಂಬೆಹಣ್ಣಿಡುವಾಗ ಪಕ್ಕದ ಮನೆಯ ಡಚ್ ಅಜ್ಜಿ ಬೇಲಿಯಾಚೆಯಿಂದ ಇಣುಕಿ, ಪಂಕ್ಚರ್ ಆಯಿತೇ ಎಂದು ಕೇಳಿದರು. ಇಲ್ಲ, ಆಗದಿರಲೆಂದೇ ಈ ವ್ಯವಸ್ಥೆ ಎಂದೆ. ಇನ್ಶೂರೆನ್ಸ್ ಎಂದುಕೊಂಡು ತಲೆಯಾಡಿಸಿದರು.

ಬಸು ಸ್ನಾನಕ್ಕೆ ಹೋಗಿದ್ದ. ಅವನ ಮೇಜಿನ ಮೇಲೆ ದೀಪದ ಕೆಳಗೆ ಕಾರ್ಡುಗಳು ಸಾಲಾಗಿದ್ದವು, ಫೋಟೋ ತೆಗೆಯುತ್ತಿದ್ದನಂತೆ. ಕಿತ್ತಳೆಯದು ಮಾತ್ರ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ದೀಪಕ್ಕೆ ಒರಗಿ ನಿಂತಿತ್ತು. ಅರ್ಚಕನ ಕಣ್ಣಿಗೆ ಬೇರೇನು ಬೀಳುತ್ತದೆ? ಪ್ಲಾಸ್ಟಿಕ್ಕಿನ ಮೇಲೆ, ಸರಿಯಾಗಿ ಪೀಟರ್ನೆಲ್ಲಾನ ಹಣೆಗೆ, ಒಂದು ಬೊಟ್ಟು. ಬಸು ಬಂದು ಬೆಚ್ಚಿಬೀಳುತ್ತಾನೆ, ನಾನು "ಪ್ಲಾಸ್ಟಿಕ್ ಮೇಲೆ ಕಣೋ" ಎನ್ನುತ್ತೇನೆ, ಒರೆಸಿ ನಗುತ್ತೇವೆ. ಯೋಜನೆಯಲ್ಲಿ ಲೋಪವಿರಲಿಲ್ಲ.

ಲೋಪವಿದ್ದದ್ದು ಕವರಿನಲ್ಲಿ. ಅದರ ತಲೆ ತೆರೆದಿರುತ್ತದೆ. ಕುಂಕುಮ ಗಟ್ಟಿಯಾಗಿತ್ತೆಂದು ಅರಿಶಿನದ ಜೊತೆ ನೀರಲ್ಲಿ ಕಲಸಿದ್ದೆ. ಬೆರಳಿನಿಂದ ಒಂದು ಹನಿ ಮೇಲಿನಿಂದ ಒಳಗೆ ಇಳಿಯಿತು. ನೋಡನೋಡುತ್ತ ಉದ್ದಕ್ಕೆ ಇಳಿಯಿತು. ಗಾಬರಿಯಲ್ಲಿ ಕಾರ್ಡನ್ನು ಹೊರಗೆಳೆದು ಪಾತ್ರೆ ತೊಳೆಯುವ ಸೋಪು ಹಚ್ಚಿ ಒರೆಸಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಮದುವೆಮನೆಯಲ್ಲಿ ಓಕುಳಿ ನೋಡಿದ ಯಾವ ಮಗುವಾದರೂ ಹೇಳೀತು. ಹಳದಿಯಿದ್ದದ್ದೆಲ್ಲ ಕೆಂಪಾಯಿತು, ಅಂಚಿನ ರಟ್ಟು ಅದನ್ನು ಕುಡಿಯಿತು, ಉಜ್ಜಿದಲ್ಲಿ ಮಿನುಗು ಸುಲಿದು ಎದ್ದುಬಂತು.

ತಲೆ ಒರೆಸಿಕೊಳ್ಳುತ್ತಾ ಬಸು ಬಂದ. ಕಾರ್ಡನ್ನು ಅಂಚಿನಲ್ಲಿ ಹಿಡಿದು ಎತ್ತಿದ. ತಿರುಗಿಸಿ ಹಿಂದಿನ ನಂಬರ್ ನೋಡಿದ. ಇಟ್ಟ.

"ಬಸು, ನಾನು ಬರೀ ಪ್ಲಾಸ್ಟಿಕ್ ಮೇಲೆ..."

"ಆತು ಬಿಡು."

"ಅಲ್ಲ ಕಣೋ..."

"ಆತು ಬಿಡು ಅಂದ್ನೆಲ್ಲ."

ಕೋಣೆಯ ಬಾಗಿಲನ್ನು ಮೆತ್ತಗೆ ಹಾಕಿಕೊಂಡ. ಧಡಾರನೆ ಹಾಕಿದ್ದರೆ ಊಟವಾದರೂ ಸೇರುತ್ತಿತ್ತು.

ಅಕ್ಟೋಬರ್ 2, ಗುರುವಾರ

ಬಸುನ ಊರಲ್ಲಿ ದಸರೆ ದಿನ ಬನ್ನಿ ಎಲೆ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತಾರೆ. ಇಲ್ಲಿ ಬನ್ನಿ ಎಲ್ಲಿ? ರಸ್ತೆಯ ಲಿಂಡೆನ್ ಮರದ ಎಲೆ ತಂದಿದ್ದ. ಪದ್ಮಿನಿ ಅಕ್ಕನಿಗೆ ಕೊಟ್ಟು ಕಾಲಿಗೆ ಬಿದ್ದ. ಪಕ್ಕದ ಮನೆ ಅಜ್ಜಿಗೆ ಕೊಟ್ಟ. ಪಾರ್ಸೆಲ್ ತಂದವನಿಗೂ ಕೊಟ್ಟ.

ನನಗೆ ಎಲೆಗಳೆಂದರೆ ಅಷ್ಟಕ್ಕಷ್ಟೆ.

ಅಕ್ಟೋಬರ್ 5, ಭಾನುವಾರ

ಮನೆಯಲ್ಲಿ ರಾಜತಾಂತ್ರಿಕ ಸಂಬಂಧ ಕಡಿದುಹೋಗಿದೆ. ಮಾತುಕತೆ ಮೂರನೆಯ ರಾಷ್ಟ್ರದ ಮೂಲಕ.

"ಅಕ್ಕಾ, ಅನ್ನ ಕುಕ್ಕರ್‌ನಾಗ ಐತಿ ಅಂತ ಹೇಳ್ರಿ ಅವಗ." ಬಸು ಇದನ್ನು ಹೇಳಿದಾಗ ನನ್ನ ಮೊಣಕೈ ಅವನ ಮೊಣಕೈಗೆ ತಾಗುತ್ತಿತ್ತು.

"ನಂಗೇನು ಟ್ರಾನ್ಸ್‌ಲೇಟರ್ ಕೆಲ್ಸ ಕೊಟ್ಟಿದ್ದೀರೇನ್ರೋ?" ಅಂದರು ಅಕ್ಕ. ಅವನು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿದರು. "ಸಾರಿ ಕೇಳಿದ್ಯಾ?"

"ಕೇಳಿದೆ. ಶಾಸ್ತ್ರೋಕ್ತವಾಗಿ."

"ಅಂದ್ರೆ?"

"ಅವನ ಬಾಗಿಲ ಮುಂದೆ ಪಂಚೆ ಉಟ್ಟು ಸಾಷ್ಟಾಂಗ ಹಾಕ್ದೆ. ಕ್ಷಮಾಪಣಾ ಸ್ತೋತ್ರ ಬರೆದು ರಾಗವಾಗಿ ಹಾಡ್ದೆ."

"ಅದು ಸಾರಿ ಅಲ್ಲ ಕಣೋ. ಸ್ಕಿಟ್ಟು."

ಕಲೆಯನ್ನು ಅರಿಯದ ಕಾಲ.

ಅಕ್ಟೋಬರ್ 11, ಶನಿವಾರ

ಹಾಳಾದ ವಸ್ತುವಿಗೆ ಬದಲಿ ವಸ್ತು ತಂದಿಟ್ಟರೆ ಮುಗಿಯಿತು. ಇಷ್ಟು ಸರಳ ವಿಷಯ ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದು ಕಿತ್ತಳೆ ಪೀಟರ್ನೆಲ್ಲಾ ಹುಡುಕಲು ಯುರೋಪಿನ ಸಂಗ್ರಾಹಕರ ಗುಂಪೊಂದನ್ನು ಆನ್‌ಲೈನಿನಲ್ಲಿ ಸೇರಿದೆ. ಸದಸ್ಯರೆಲ್ಲ ಅಂಕಲ್ಲುಗಳು. ಕಾರ್ಡಿನ ನಾಲ್ಕು ಮೂಲೆಗಳ ಬಗ್ಗೆ ಇವರಾಡುವ ಮಾತನ್ನು ನಮ್ಮಲ್ಲಿ ವಧುವಿನ ಬಗ್ಗೆಯೂ ಆಡುವುದಿಲ್ಲ.

ಪೀಟರ್ನೆಲ್ಲಾ ಅಂದರೆ ಯಾರೆಂದೇ ಹೆಚ್ಚಿನವರಿಗೆ ಗೊತ್ತಿಲ್ಲ. ಅದೇ ತೊಂದರೆ. ಹೆಸರಾಂತ ಆಟಗಾರನದಾದರೆ ಯಾರಾದರೂ ಮಾರಲು ಇಟ್ಟಿರುತ್ತಾರೆ. ಇವನದು ಯಾರದೋ ಶೂ ಡಬ್ಬಿಯ ತಳದಲ್ಲಿ ಬಿದ್ದಿರುತ್ತದೆ, ಇದೆಯೆಂದು ಅವರಿಗೇ ನೆನಪಿರುವುದಿಲ್ಲ.

ಅಕ್ಟೋಬರ್ 18, ಶನಿವಾರ

ಪಕ್ಕದ ಊರು ಹೆಂಗೆಲೋದಲ್ಲಿ ವಿಲ್ಲೆಮ್ ಎಂಬ ಮುದುಕನ ಅಂಗಡಿ. ಮುಂದೆ ಹಳೆಯ ನಾಣ್ಯ, ಅಂಚೆಚೀಟಿ, ಹಿಂದೆ ಕಾರ್ಡು. ಕಿತ್ತಳೆ ಇಲ್ಲ ಅಂದ. ಸಿಗುತ್ತದಾ ಅಂದೆ. ಡಚ್ಚರು ಮಾತ್ರ ಕೊಡಬಲ್ಲ ಆ ನೇರ ಉತ್ತರ ಕೊಟ್ಟ: "ಇಲ್ಲ." ಆಮೇಲೆ ಕಾಫಿ ಕೊಟ್ಟ.

ಬರಿಗೈಲಿ ಬರುವುದು ಸಭ್ಯತೆಯಲ್ಲವೆಂದು, ಒಳಗೆ ಯಾರಿದ್ದಾರೆಂದು ಒಡೆಯುವವರೆಗೆ ಗೊತ್ತಾಗದ ಕಾರ್ಡಿನ ಪ್ಯಾಕೆಟ್ ಒಂದನ್ನು ತೆಗೆದುಕೊಂಡೆ. ರೈಲಿನಲ್ಲಿ ಒಡೆದೆ. ಡ್ವೇನ್ ಓಬರ್‌ಹೋಲ್ಟ್ ಅಂತ ಒಬ್ಬ ದಢೂತಿ, ಚೆಂಡು ಹಿಡಿಯುವವನು. ಫೋಟೋದಲ್ಲಿ ಕಣ್ಣು ಮುಚ್ಚಿದ್ದಾನೆ! ಅಮೆರಿಕದ ಅಷ್ಟು ದೊಡ್ಡ ಕಂಪನಿಗೆ ಕಣ್ಣುಬಿಟ್ಟ ಇನ್ನೊಂದು ಫೋಟೋ ಸಿಗಲಿಲ್ಲ. ಪಾಪ, ಸತ್ಯನಾರಾಯಣ ಕಥೆಯ ನಾಲ್ಕನೇ ಅಧ್ಯಾಯದಲ್ಲಿ ಕೂತವನ ಹಾಗಿದ್ದಾನೆ. ಅಂದರೆ ಎಲ್ಲ ಬಣ್ಣದಲ್ಲೂ ಇವನು ತೂಕಡಿಸುತ್ತಿರಬೇಕು. ನೀಲಿಯಲ್ಲಿ ತೂಕಡಿಕೆ, ಹಸಿರಲ್ಲಿ ತೂಕಡಿಕೆ, ಚಿನ್ನದಲ್ಲಿ ತೂಕಡಿಕೆ.

ಗುಂಪಿನಲ್ಲಿ ಫೋಟೋ ಹಾಕಿ "ವಿಶ್ವದ ಏಕೈಕ ಧ್ಯಾನಸ್ಥ ಕ್ಯಾಚರ್" ಎಂದು ಬರೆದೆ. ಅಂಕಲ್ಲುಗಳು ನಕ್ಕರು. ಈ ಮನೆಯಲ್ಲಿ ನನ್ನ ಮಾತಿಗೆ ಯಾರೂ ನಗದೆ ಬಹಳ ದಿನವಾಗಿದೆ.

ಅಕ್ಟೋಬರ್ 26, ಭಾನುವಾರ

ಚಳಿಗಾಲದ ಲೆಕ್ಕಕ್ಕೆ ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಸರ್ಕಾರವೇ ದಯಪಾಲಿಸಿದ ಆ ಗಂಟೆಯನ್ನು ಸದುಪಯೋಗ ಮಾಡಿಕೊಂಡೆ: ಸ್ಪೇನಿನ ಒಬ್ಬ ಮೂರ್ಖನಿಗೆ ಹಸಿರಿಗೂ ಆಕ್ವಾಗೂ ಇರುವ ವ್ಯತ್ಯಾಸ ವಿವರಿಸಿದೆ. ಹಸಿರು ಪ್ಯಾರಲಲ್‌ನ ಅಂಚು ದೀಪಕ್ಕೆ ಹಿಡಿದರೆ ಎಳೆ ಬಾಳೆಲೆಯ ಹಾಗೆ. ಆಕ್ವಾ ಹಾಗಲ್ಲ, ಅದರಲ್ಲಿ ನವಿಲುಗರಿಯ ನಸುನೀಲಿ ಕೂತಿರುತ್ತದೆ. ಕಣ್ಣಿದ್ದವರಿಗೆ ಕಾಣುತ್ತದೆ. ಎರಡನ್ನೂ ಒಂದೇ ಅನ್ನುವವನ ಹತ್ತಿರ ಮಾತೇನು?

ಸ್ಪಷ್ಟೀಕರಣ: ಓಬರ್‌ಹೋಲ್ಟನ ನೀಲಿ, ಹಸಿರು, ಆಕ್ವಾ, ನೇರಳೆ ನನ್ನ ಬಳಿ ಇವೆ. ಇದು ಸಂಗ್ರಹವಲ್ಲ, ವಿಡಂಬನೆ. ವಿಡಂಬನೆ ಅರ್ಧಕ್ಕೆ ನಿಲ್ಲಬಾರದೆಂದು ಉಳಿದ ಬಣ್ಣಗಳನ್ನು ಹುಡುಕುತ್ತಿದ್ದೇನೆ. ಕವರುಗಳನ್ನೂ ತರಿಸಿದೆ, ಮೇಲ್ಭಾಗ ಮುಚ್ಚುವಂಥವು.

ಪದ್ಮಿನಿ ಅಕ್ಕ ಕೋಣೆಗೆ ಬಂದು ಮೇಜು ನೋಡಿದರು, ನನ್ನನ್ನು ನೋಡಿದರು. "ಏನೋ ಇದು?"

"ತಮಾಷೆಗೆ."

"ಕೈಗೆ ಗ್ಲೌಸ್ ಯಾಕೆ ಹಾಕ್ಕೊಂಡಿದ್ದೀಯ?"

"ಚಳಿ ಅಕ್ಕ."

ನವೆಂಬರ್ 1, ಶನಿವಾರ

ರಾಜ್ಯೋತ್ಸವದ ಹೋಳಿಗೆ ಪದ್ಮಿನಿ ಅಕ್ಕ ಮಾಡಿದರು. ಬಡಿಸುತ್ತಾ ಹೇಳಿದರು, ಬಸು ಮನೆ ಬಿಡುತ್ತಿದ್ದಾನೆ, ಮಾಲೀಕನಿಗೆ ಬರೆದುಕೊಟ್ಟಾಗಿದೆ, ಈ ತಿಂಗಳ ಕೊನೆಯವರೆಗೆ ಇರುತ್ತಾನೆ. ಯೂನಿವರ್ಸಿಟಿ ಹತ್ತಿರ ಒಂದು ಸ್ಟುಡಿಯೋ, ಅಂದರೆ ಒಂದೇ ಕೋಣೆಯ ಮನೆ, ಸಿಕ್ಕಿದೆಯಂತೆ.

"ಕಾರ್ಡಿಗೋಸ್ಕರ ಮನೆ ಬಿಡ್ತಾರಾ ಯಾರಾದ್ರೂ?" ಅಂದೆ.

"ಕಾರ್ಡಿಗಲ್ಲ ಚರಣ್. 'ಅವಗ ಎಲ್ಲಾನೂ ಆಟ ಅಕ್ಕಾ' ಅಂದ. 'ನನ್ನ ಸಾಮಾನು ಇರೋ ಮನ್ಯಾಗ ನಾ ಬಾಗಿಲಾ ಹಾಕ್ಕೊಂಡು ಕುಂದ್ರೂದು ಬ್ಯಾಡ' ಅಂದ."

ಹೋಳಿಗೆ ಚೆನ್ನಾಗಿತ್ತು. ಒಂದೇ ತಿಂದೆ.

ನವೆಂಬರ್ 2, ಭಾನುವಾರ

ಅವನು ಹೋದರೆ ಸ್ನಾನದ ಮನೆಯಲ್ಲಿ ಬಿಸಿನೀರು ಹೆಚ್ಚು ಸಿಗುತ್ತದೆ. ಬೇರೆ ಅನುಕೂಲಗಳನ್ನೂ ಬರೆಯೋಣವೆಂದು ಕೂತೆ.

ನವೆಂಬರ್ 5, ಬುಧವಾರ

ಇತಿಹಾಸ! ವಿಲ್ಲೆಮನ ಅಂಗಡಿಯಲ್ಲಿ ಪ್ಯಾಕೆಟ್ ಒಡೆದೆ. ಕೆಂಪು! ಓಬರ್‌ಹೋಲ್ಟ್, ಕೆಂಪು! ಜಗತ್ತಿನಲ್ಲಿ ಐದೇ ಐದು, ಅದರಲ್ಲಿ ಒಂದು ನನ್ನ ಈ ಕೈಯಲ್ಲಿ, ನಾನೇ ಒಡೆದ ಪ್ಯಾಕೆಟ್ಟಿನಲ್ಲಿ. ಆ ಕೆಂಪು ಹೇಗಿದೆಯೆಂದರೆ, ಸಂಜೆ ಅರಮನೆಯ ದೀಪ ಹೊತ್ತಿಸುವ ಮುಂಚಿನ ಒಂದು ಘಳಿಗೆ ಗುಮ್ಮಟಗಳ ಮೇಲೆ ಕೂರುತ್ತದಲ್ಲ, ಅದು. ಅದರ ನಡುವೆ ನಮ್ಮ ಓಬರ್‌ಹೋಲ್ಟ್ ಪರಮಶಾಂತನಾಗಿ ಕಣ್ಣು ಮುಚ್ಚಿದ್ದಾನೆ. ಮೂಲೆಗಳು ಸೂಜಿಮೊನೆ.

ನಾನು ಕಿರುಚಿದೆನೆಂದು ವಿಲ್ಲೆಮ್ ಹೇಳುತ್ತಾನೆ. ಕಿರುಚಲಿಲ್ಲ. ಸ್ವಲ್ಪ ಧ್ವನಿ ಹೊರಬಂತು.

ಮನೆಗೆ ಓಡಿಬಂದು ಬಸುನ ಬಾಗಿಲು ಬಡಿಯಲು ಕೈ ಎತ್ತಿದೆ. ಈ ಮನೆಯಲ್ಲಿ, ಈ ಊರಿನಲ್ಲಿ, ಇದು ಏನೆಂದು ಅರ್ಥವಾಗುವವನು ಅವನೊಬ್ಬನೇ. ಒಳಗೆ ಟೇಪು ಕಿತ್ತು ರಟ್ಟಿನ ಡಬ್ಬಿಗೆ ಅಂಟಿಸುವ ಸದ್ದು ಬರುತ್ತಿತ್ತು.

ಗುಂಪಿನಲ್ಲಿ ಹಾಕಿದೆ. ಅಂಕಲ್ಲುಗಳು ಹೊಗಳಿದರು. ಆಯಿತು.

ನವೆಂಬರ್ 8, ಶನಿವಾರ

ಗಡಿಯಾಚೆ ಜರ್ಮನಿಯ ಮ್ಯೂನ್‌ಸ್ಟರಿನಿಂದ ಡೀಟರ್ ಎಂಬಾತನ ಸಂದೇಶ. ಇವನು ಕಣ್ಣು ಮುಚ್ಚಿದ ಆಟಗಾರರ ಕಾರ್ಡು ಮಾತ್ರ ಕೂಡಿಡುತ್ತಾನೆ. ಯಾವ ಆಟವಾದರೂ ಸರಿ, ಕಣ್ಣು ಮುಚ್ಚಿರಬೇಕು. ಮನುಷ್ಯರಲ್ಲಿ ಹೀಗೂ ಇರುತ್ತಾರೆ. ನನ್ನ ಧ್ಯಾನಸ್ಥನನ್ನು ಮೊದಲ ದಿನದಿಂದ ಗಮನಿಸುತ್ತಿದ್ದನಂತೆ. ಕೆಂಪು ಬೇಕಂತೆ. ಮಾರುವುದಿಲ್ಲ ಅಂತ ಬರೆದೆ. ದುಡ್ಡಿಗೆ ಬೇಡ, ಬದಲಿಗೆ ಏನು ಬೇಕು ಅಂತ ಕೇಳಿದ. ನಿನ್ನ ಬಳಿ ಇರಲು ಸಾಧ್ಯವೇ ಇಲ್ಲದ್ದು ಎಂದು ಗತ್ತಿನಲ್ಲಿ ಕಿತ್ತಳೆ ಪೀಟರ್ನೆಲ್ಲಾನ ಹೆಸರು ಬರೆದೆ.

ಮಧ್ಯಾಹ್ನ ಫೋಟೋ ಬಂತು. ಅವನ ಡಬ್ಬಿಯ ತಳದಲ್ಲಿತ್ತಂತೆ. ಯಾರಿವನು ಅಂತ ನನ್ನನ್ನೇ ಕೇಳಿದ.

ನವೆಂಬರ್ 9, ಭಾನುವಾರ

ಕೆಂಪು ಕೊಟ್ಟು ಕಿತ್ತಳೆ ತೆಗೆದುಕೊಳ್ಳುವುದು ಶುದ್ಧ ದಡ್ಡತನ. ಐದರಲ್ಲಿ ಒಂದನ್ನು ಕೊಟ್ಟು ಇಪ್ಪತ್ತೈದರಲ್ಲಿ ಒಂದನ್ನು ತರುವುದು. ಅದೂ ಎಂಥವನದು? ಮೊಣಕೈ ಪೆಟ್ಟಾಗಿ ಈ ಬೇಸಿಗೆಯಲ್ಲಿ ತಂಡದಿಂದ ಹೊರಬಿದ್ದವನದು. ಈ ಕ್ಷೇತ್ರದಲ್ಲಿ ನನಗೊಂದು ಹೆಸರಿದೆ. ಆಗುವುದಿಲ್ಲ ಎಂದು ಡೀಟರಿಗೆ ಬರೆದೆ.

ಕಳುಹಿಸಿಲ್ಲ. ನೆಟ್‌ವರ್ಕ್ ಸರಿಯಿರಲಿಲ್ಲ.

ನವೆಂಬರ್ 12, ಬುಧವಾರ

ಬಸುನ ಬಾಣಲೆ ಶೆಲ್ಫಿನಲ್ಲಿಲ್ಲ. ಡಬ್ಬಿಗೆ ಹೋಗಿದೆ.

ನವೆಂಬರ್ 15, ಶನಿವಾರ

ಗ್ರೋನೌ ಸ್ಟೇಷನ್. ಎನ್ಸ್‌ಕೆಡೆಯಿಂದ ರೈಲು ಹತ್ತಿ ಕೂತು ಸರಿಯಾಗಿ ಒರಗುವಷ್ಟರಲ್ಲಿ ಜರ್ಮನಿ ಬಂದುಬಿಡುತ್ತದೆ. ಸಾಗಾಟದ ಅನುಕೂಲ ನೋಡಿ ಮಾತ್ರ ಒಪ್ಪಿದ್ದು. ಡೀಟರ್ ಹೆಂಡತಿಯನ್ನೂ ಕರೆತಂದಿದ್ದ. ತಮ್ಮ ಮದುವೆ ಫೋಟೋದಲ್ಲಿ ಅವಳು ಕಣ್ಣು ಮುಚ್ಚಿದ್ದಾಳೆ, ಈ ಹುಚ್ಚು ಅಲ್ಲಿಂದ ಶುರುವಾದದ್ದು ಎಂದು ಹೇಳಿದ. ಆಕೆ ಕಣ್ಣು ಮುಚ್ಚಿ ತೋರಿಸಿದಳು. ಇಂಥ ಜನರೆದುರು ತಮಾಷೆ ಮಾಡಲು ನನಗೇನು ಉಳಿದಿತ್ತು?

ಕೊಡುವ ಮುಂಚೆ ಓಬರ್‌ಹೋಲ್ಟನನ್ನು ಒಮ್ಮೆ ನೋಡಿದೆ. ಅವನು ನೋಡಲಿಲ್ಲ. ಅವನ ಸ್ವಭಾವ.

ತಿರುಗಿ ಬರುವಾಗ ಕಿತ್ತಳೆಯನ್ನು ಜೇಬಿನಲ್ಲಿಡಲಿಲ್ಲ, ಬ್ಯಾಗಿನಲ್ಲೂ ಇಡಲಿಲ್ಲ. ಎರಡು ಕೈಯಲ್ಲಿ ಮಡಿಲ ಮೇಲೆ ಹಿಡಿದು ಕೂತೆ. ಟಿಕೆಟ್ ನೋಡಲು ಬಂದವಳು ಏನದು ಎಂದು ಕೇಳಿದಳು. ನನ್ನ ಸ್ನೇಹಿತನದು ಅಂದೆ.

ನವೆಂಬರ್ 16, ಭಾನುವಾರ

ಭಾಷಣ ಸಿದ್ಧಪಡಿಸಿದ್ದೆ. ಪಂಚೆಯನ್ನೂ ಇಸ್ತ್ರಿ ಮಾಡಿದ್ದೆ. ಕೊನೆಗೆ ಎರಡೂ ಬೇಡವೆನ್ನಿಸಿತು, ಕಾರಣ ಗೊತ್ತಿಲ್ಲ. ಬಸು ಚಹಾ ಕುಡಿಯುತ್ತಿದ್ದ. ಎದುರಿಗೆ ಇಟ್ಟೆ.

"ನನ್ನಿಂದ ಹಾಳಾಯ್ತು. ತಪ್ಪಾಯ್ತು ಬಸು," ಅಂದೆ. ಕೆಟ್ಟ ಸಂಭಾಷಣೆ. ಯಾವ ನಾಟಕದಲ್ಲೂ ನಿಲ್ಲದು.

ಅವನು ಲೋಟ ಕೆಳಗಿಟ್ಟ. ಎದ್ದುಹೋದ. ಮುಗಿಯಿತು ಅಂದುಕೊಂಡೆ. ಟಾರ್ಚು, ಭೂತಗನ್ನಡಿ ತೆಗೆದುಕೊಂಡು ಬಂದ. ಕೂತ. ಮುಂದೆ ನೋಡಿದ, ಹಿಂದೆ ನೋಡಿದ, ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಈ ಮೂಲಿ ಸವದೈತಿ."

ಒಂದೂವರೆ ತಿಂಗಳ ಮೇಲೆ ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು. ಅದೂ ಸುಳ್ಳು.

"ಎಲ್ಲಿ ಸವೆದಿದೆ? ಅದು ಟಾರ್ಚಿನ ನೆರಳು. ದೀಪದ ಕೆಳಗೆ ಹಿಡಿ."

"ನನಗ ಹೇಳಾಕ ಬರ್ತಿಯೇನಲೇ? ನೋಡಿಲ್ಲೆ, ಫೋಟೋನೂ ಎಡಕ್ಕ ಸರದೈತಿ."

"ಆ ಪ್ರಿಂಟಲ್ಲಿ ಎಲ್ಲಾನೂ ಎಡಕ್ಕೇ ಇರತ್ತೆ! ನಿನ್ನ ಹಳೇದೂ ಎಡಕ್ಕೇ ಇತ್ತು!"

ಬಸು ತಲೆ ಎತ್ತಿದ. "ಇದು ನಿನಗ್ಯಾಂಗ ಗೊತ್ತು?"

"ಜನರಲ್ ನಾಲೆಡ್ಜ್."

"ಯಾರ ಕಡೆ ತಗೊಂಡಿ? ಏನ್ ಕೊಟ್ಟಿ?"

"ಏನಿಲ್ಲ. ಒಂದು ಹಾಳು ಕಾರ್ಡು."

"ಯಾವುದು?"

ಮೇಜಿನ ಮೇಲಿನ ಚಹಾದ ಕಲೆ ಒರೆಸತೊಡಗಿದೆ.

"ಲೇ. ಆ ಕಣ್ಣು ಮುಚ್ಚಿದಾವಂದೇನು? ಕೆಂಪು?" ಚಹಾ ಲೋಟ ದೂರ ಸರಿಸಿದ. "ಆ ಗುಂಪಿನ್ಯಾಗ ನಾನೂ ಅದೀನಿ. ನೀ ಬರದಿದ್ದೆಲ್ಲಾ ಓದೀನಿ. ಕೆಂಪು ಕೊಟ್ಟು ಕಿತ್ತಳಿ ತಂದಿಯೇನಲೇ? ನೀನ ಒಡದ ಪ್ಯಾಕೆಟ್ಟಿಂದು? ತಲಿ ಎಲ್ಲಿಟ್ಟಿದ್ದಿ? ಹೋಗಲಿ, ಮ್ಯಾಲೆ ಎರಡು ಚಿನ್ನದ್ದಾದರೂ ಕೇಳೂದು ಬ್ಯಾಡೇನು?"

"ಕೇಳೋಕೆ ನಾಚಿಕೆ ಆಯ್ತು. ಅವನ ಹೆಂಡ್ತಿ ಕೇಕ್ ತಂದಿದ್ರು."

"ಕೇಕ್ ತಿಂದು ಕೆಂಪು ಕೊಟ್ಟು ಬಂದ! ಇವನ್ನ ಒಬ್ಬನ್ನ ಬಿಟ್ರ ಸೈಕಲ್ಲೂ ಕೊಟ್ಟು ಬರ್ತಾನ, ಅಕ್ಕಾ!"

ಪದ್ಮಿನಿ ಅಕ್ಕ ಇಯರ್‌ಫೋನ್ ತೆಗೆಯುತ್ತಾ ಕೆಳಗಿಳಿದು ಬಂದರು. "ಯಾಕ್ರೋ ಕಿರುಚ್ತಿದ್ದೀರಾ? ಏನಾಯ್ತು?"

"ಮೂಲಿ ಸವದೈತಿ ನೋಡ್ರಿ ಅಕ್ಕಾ."

"ಸವೆದಿಲ್ಲ ಅಕ್ಕ, ನೀವೇ ನೋಡಿ."

ಅವರು ಇಬ್ಬರ ಮುಖವನ್ನೂ ಒಂದು ಕ್ಷಣ ನೋಡಿ, ಕಾರ್ಡನ್ನು ನೋಡದೆಯೇ ಅಕ್ಕಿ ತೊಳೆಯಲು ಹೋದರು. ಮೂರು ಜನಕ್ಕೆ ಇಟ್ಟರು.

ಆಮೇಲೂ ಜಗಳ ನಿಲ್ಲಲಿಲ್ಲ. ಬಸು ಟಾರ್ಚು ಎನ್ನುತ್ತಾನೆ, ನಾನು ಟೇಬಲ್ ಲ್ಯಾಂಪು ಎನ್ನುತ್ತೇನೆ. ಕೃತಕ ಬೆಳಕಿನಲ್ಲಿ ಮೂಲೆಯನ್ನು ತೀರ್ಮಾನಿಸುವುದು ಅವೈಜ್ಞಾನಿಕ ಎಂದು ನಾನು ಗಂಭೀರವಾಗಿ ವಾದಿಸಿದೆ. ಅವನು ಒಪ್ಪಿದ. ಒಳ್ಳೆಯ ಬಿಸಿಲಿನಲ್ಲಿ, ಕಿಟಕಿಯ ಹತ್ತಿರ, ಇಬ್ಬರೂ ಒಟ್ಟಿಗೆ ನೋಡಬೇಕು. ಅಲ್ಲಿಯವರೆಗೆ ಯಾರೂ ಯಾವ ಡಬ್ಬಿಯನ್ನೂ ಎಲ್ಲಿಗೂ ಸಾಗಿಸತಕ್ಕದ್ದಲ್ಲ ಎಂದು ನಿರ್ಣಯವಾಯಿತು. ಮನೆ ಮಾಲೀಕನಿಗೆ ಬಸು ಹಾಗೆಂದೇ ಬರೆದ. ಬೇರೆ ಮಾತಿನಲ್ಲಿ ಬರೆದಿರಬಹುದು, ನನಗೆ ತೋರಿಸಲಿಲ್ಲ.

ಹವಾಮಾನ ನೋಡಿದೆ. ನಾಳೆ ಮೋಡ. ನಾಡಿದ್ದು ಮೋಡ. ಈ ದೇಶದಲ್ಲಿ ಒಳ್ಳೆಯ ಬಿಸಿಲೆಂದರೆ ಏಪ್ರಿಲ್.